ಕೊಂಡದ್ದು ನಮ್ಮದೇ? ದುರಸ್ತಿಯ ಹಕ್ಕು ಮತ್ತು ಒಡೆತನದ ಧರ್ಮ

ಕಳೆದ ಸುಗ್ಗಿಯ ದಿನಗಳಲ್ಲಿ ಒಂದು ಮುಂಜಾನೆ ನನ್ನ ಮೊಬೈಲ್ ಫೋನು ಇದ್ದಕ್ಕಿದ್ದಂತೆ ಸ್ತಬ್ಧವಾಯಿತು. ಚಾರ್ಜಿಗೆ ಹಚ್ಚಿದರೆ ಬೆಳಕಿಲ್ಲ, ಗುಂಡಿಯನ್ನು ಒತ್ತಿ ಹಿಡಿದರೆ ಮಿಸುಕಾಟವಿಲ್ಲ. ಫೋನಿನ ಬೆಲೆ ನನಗೆ ಚಿಂತೆಯ ವಿಷಯವಾಗಿರಲಿಲ್ಲ. ನೌಕರಿಯಿಂದ ನಿವೃತ್ತನಾದ ಮೇಲೆ ಎರಡು ವರ್ಷ ಅಕ್ಕಲಕೋಟೆ ಮತ್ತು ಜತ್ತ ತಾಲೂಕುಗಳ ಹಳ್ಳಿಗಳಲ್ಲಿ ಅಡ್ಡಾಡಿ, ಹಿರಿಯರ ಬಾಯಿಂದ ಹಂತಿಯ ಪದಗಳನ್ನೂ ಬೀಸುವ ಪದಗಳನ್ನೂ ಅದರಲ್ಲಿ ಧ್ವನಿಮುದ್ರಿಸಿಕೊಂಡಿದ್ದೆ. ಅವುಗಳನ್ನು ಬೇರೆಡೆ ಇಳಿಸಿಡಬೇಕೆಂಬ ಎಚ್ಚರ ನನಗೆ ಇರಬೇಕಾಗಿತ್ತು, ಇರಲಿಲ್ಲ. ಹಾಡಿದವರಲ್ಲಿ ಒಬ್ಬ ಅಜ್ಜಿ ಆ ಹೊತ್ತಿಗಾಗಲೇ ತೀರಿಕೊಂಡಿದ್ದರು.

ತಯಾರಕರ ಅಧಿಕೃತ ಸೇವಾ ಕೇಂದ್ರಕ್ಕೆ ಹೋದೆ. ಮೇಜಿನಾಚೆಯ ತರುಣ ಸೌಜನ್ಯದಿಂದಲೇ ಮಾತನಾಡಿದ. ಒಳಗಿನ ಮುಖ್ಯ ಫಲಕ ಕೆಟ್ಟಿದೆ, ಅದನ್ನು ಇಡಿಯಾಗಿ ಬದಲಿಸಬೇಕು, ಅದರ ಖರ್ಚಿಗೆ ಇನ್ನಷ್ಟು ಸೇರಿಸಿದರೆ ಹೊಸ ಫೋನೇ ಬರುತ್ತದೆ, ಫಲಕ ಬದಲಿಸಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಎಂದ. ಫಲಕದಲ್ಲಿ ಕೆಟ್ಟಿರುವುದು ಏನು ಎಂದು ಕೇಳಿದೆ. ಅದನ್ನು ಹುಡುಕುವ ಪದ್ಧತಿ ತಮ್ಮಲ್ಲಿ ಇಲ್ಲ ಎಂದ. ಹಾಗಾದರೆ ಬೇರೆಯವರಿಗೆ ತೋರಿಸಲೇ ಎಂದೆ. ಹೊರಗಿನವರು ಒಮ್ಮೆ ಬಿಚ್ಚಿದರೆ ಆ ಫೋನನ್ನು ತಾವು ಮತ್ತೆ ಮುಟ್ಟುವುದಿಲ್ಲ ಎಂಬ ಉತ್ತರ ಬಂತು. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನು ಕಟ್ಟಳೆಯನ್ನು ಹೇಳುತ್ತಿದ್ದ. ಆದರೆ ಮೆಟ್ಟಿಲಿಳಿಯುವಾಗ ಒಂದು ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಪೂರ್ಣ ಹಣ ಕೊಟ್ಟು, ರಸೀದಿ ಪಡೆದು, ಐದು ವರ್ಷ ಜೇಬಿನಲ್ಲಿಟ್ಟುಕೊಂಡು ತಿರುಗಿದ ಈ ವಸ್ತು ನಿಜವಾಗಿ ಯಾರದು?

ಒಡೆತನವೆಂದರೆ ಏನು ಎಂಬುದು ಹಳೆಯ ಪ್ರಶ್ನೆ. ರೋಮನ್ ನ್ಯಾಯಪರಂಪರೆಯಿಂದ ಬಂದ ವಿವರಣೆಯ ಪ್ರಕಾರ ಒಡೆಯನಿಗೆ ಮೂರು ಅಧಿಕಾರಗಳಿವೆ: ವಸ್ತುವನ್ನು ಬಳಸುವುದು, ಅದರ ಫಲವನ್ನು ಅನುಭವಿಸುವುದು, ಬೇಕೆನಿಸಿದರೆ ಅದನ್ನು ವ್ಯಯಿಸಿ ಇಲ್ಲವಾಗಿಸುವುದು. ಈ ಅಳತೆಯಿಂದ ನೋಡಿದರೆ ಫೋನು ನನ್ನದೇ. ಅದನ್ನು ಅಂಗಳದ ಕಲ್ಲಿನ ಮೇಲಿಟ್ಟು ಜಜ್ಜಿದರೆ ಯಾರೂ ಕೇಳುವುದಿಲ್ಲ. ಆದರೆ ಅದನ್ನು ಸರಿಪಡಿಸಹೊರಟರೆ ನೂರು ಅಡ್ಡಿಗಳು ಎದುರಾಗುತ್ತವೆ. ಹಾಳುಮಾಡುವ ಸ್ವಾತಂತ್ರ್ಯ ಪೂರ್ಣವಾಗಿದ್ದು, ಉಳಿಸಿಕೊಳ್ಳುವ ಸ್ವಾತಂತ್ರ್ಯ ಮಾತ್ರ ಇನ್ನೊಬ್ಬರ ಅನುಮತಿಗೆ ಕಾದು ನಿಲ್ಲುವುದಾದರೆ, ಅಂಥ ಒಡೆತನ ವಿಚಿತ್ರವಾದದ್ದು. ನಮ್ಮ ಕಡೆ ಲಾವಣಿಗೆ ಹೊಲ ಹಿಡಿದ ರೈತ ಉಳುತ್ತಾನೆ, ಬಿತ್ತುತ್ತಾನೆ, ರಾಶಿ ಮಾಡುತ್ತಾನೆ. ಬಾವಿ ತೋಡಬೇಕೆಂದರೆ ಮಾತ್ರ ಹೊಲದ ಒಡೆಯನ ಒಪ್ಪಿಗೆ ಬೇಕು. ಫೋನು ಕೊಂಡ ನಾವೂ ಪೂರ್ತಿ ಬೆಲೆ ತೆತ್ತ ಲಾವಣಿದಾರರಂತೆ ಇದ್ದೇವೆ.

ನಮ್ಮ ಪರಂಪರೆ ಒಡೆತನವನ್ನು ಇನ್ನೊಂದು ಬಗೆಯಲ್ಲಿಯೂ ಕಂಡಿತ್ತು. ಕಲ್ಯಾಣದ ಚಾಳುಕ್ಯರ ಕಾಲದ ಕನ್ನಡ ಶಾಸನಗಳನ್ನು ಓದಿದವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಪರಿಚಿತ. ಆ ಕಾಲದ ಶಾಸನಗಳು ಸೊಲ್ಲಾಪುರ ಜಿಲ್ಲೆಯಲ್ಲಿಯೂ ಹಲವು ದೊರೆತಿವೆ. ದೇಗುಲಕ್ಕೆ ಭೂಮಿಯನ್ನು ದತ್ತಿಯಾಗಿ ಬಿಡುವಾಗ ಪೂಜೆಗೆ ಇಷ್ಟು, ಅನ್ನದಾನಕ್ಕೆ ಇಷ್ಟು ಎಂದು ಹೇಳುವ ಜೊತೆಗೇ, ಒಡೆದದ್ದನ್ನೂ ಬಿರಿದದ್ದನ್ನೂ ಶಿಥಿಲವಾದದ್ದನ್ನೂ ಸರಿಪಡಿಸುವುದಕ್ಕೆ ಎಂದು ಹೇಳುವುದು ರೂಢಿಯಾಗಿತ್ತು. ಕೆರೆಯನ್ನು ಕಟ್ಟಿದ ಮೇಲೆ ಅದರ ಏರಿಯನ್ನು ಕಾಯುವುದಕ್ಕೂ ಹೂಳು ತೆಗೆಯುವುದಕ್ಕೂ ಬೇರೆಯಾಗಿ ಭೂಮಿ ಬಿಡುತ್ತಿದ್ದರು. ದಾನ ಮಾಡುವುದಕ್ಕಿಂತ ಇತರರು ಮಾಡಿದ ದಾನವನ್ನು ಪಾಲಿಸುವುದು ಶ್ರೇಯಸ್ಕರ ಎಂಬ ಅರ್ಥದ ಶ್ಲೋಕ ಹಲವು ಶಾಸನಗಳ ಕೊನೆಯಲ್ಲಿ ಇದೆ. ವಸ್ತುವನ್ನು ಕಟ್ಟುವ ಗಳಿಗೆಯಲ್ಲಿಯೇ ಅದು ಮುಂದೊಂದು ದಿನ ಕೆಡುತ್ತದೆ ಎಂಬುದನ್ನು ಒಪ್ಪಿಕೊಂಡು, ಅದಕ್ಕೆ ಏರ್ಪಾಡು ಮಾಡಿಡುವ ವಿವೇಕ ಇಲ್ಲಿದೆ. ಸೊನ್ನಲಿಗೆಯ ಸಿದ್ಧರಾಮರ ಹೆಸರಿನೊಡನೆ ಬೆರೆತ ನಮ್ಮೂರ ಕೆರೆ ಹನ್ನೆರಡನೆಯ ಶತಮಾನದಿಂದ ಇಂದಿನವರೆಗೂ ಉಳಿದಿದ್ದರೆ, ಅದು ಒಮ್ಮೆ ತೋಡಿದವರಿಂದ ಮಾತ್ರ ಉಳಿದದ್ದಲ್ಲ. ಹೆಸರಿಲ್ಲದ ಎಷ್ಟೋ ಕೈಗಳು ಮತ್ತೆ ಮತ್ತೆ ಹೂಳೆತ್ತಿದ್ದರಿಂದ ಉಳಿದದ್ದು.

ಈ ದೃಷ್ಟಿಯಲ್ಲಿ ಒಡೆಯನೆಂದರೆ ಪಾಲಕ. ವಸ್ತುವಿನ ಮೇಲೆ ಅವನಿಗೆ ಹಕ್ಕಿರುವುದು, ಅದರ ಬಗ್ಗೆ ಅವನಿಗೊಂದು ಕರ್ತವ್ಯ ಇರುವುದರಿಂದ. ಆ ಕರ್ತವ್ಯವನ್ನು ನಡೆಸಲು ಬೇಕಾದ ಸಾಧನ, ಮಾಹಿತಿ, ಬಿಡಿಭಾಗಗಳನ್ನು ತಡೆಹಿಡಿದವನು ಒಡೆಯನ ಅನುಕೂಲವನ್ನು ಕಸಿದುಕೊಂಡಂತೆಯೇ ಅವನ ಧರ್ಮವನ್ನು ನಡೆಸುವ ಅವಕಾಶವನ್ನೂ ಕಸಿದುಕೊಂಡಂತೆ. ದುರಸ್ತಿಯ ಹಕ್ಕಿನ ನೈತಿಕ ಬೇರು ಇಲ್ಲಿದೆ ಎಂದು ನಾನು ತಿಳಿದಿದ್ದೇನೆ.

ಫೋನಿಗೆ ಈ ಬೀಗಗಳು ಹೇಗೆ ಬಿದ್ದವು ಎಂಬುದನ್ನು ಸ್ವಲ್ಪ ನೋಡೋಣ. ಹದಿನೈದು ವರ್ಷಗಳ ಹಿಂದಿನ ಫೋನುಗಳ ಬೆನ್ನಿನ ಮುಚ್ಚಳವನ್ನು ಉಗುರಿನಿಂದ ಎತ್ತಿ ಬ್ಯಾಟರಿಯನ್ನು ಬದಲಿಸುತ್ತಿದ್ದೆವು. ಈಗಿನವುಗಳ ಮೈಯನ್ನು ಅಂಟಿನಿಂದ ಬೆಸೆದಿರುತ್ತಾರೆ. ಬಿಸಿಮಾಡಿ ಅಂಟನ್ನು ಸಡಿಲಿಸದೆ ಒಳಗೆ ಕೈಹಾಕುವಂತಿಲ್ಲ. ಇದರ ಹಿಂದೆ ಬರಿಯ ದುರುದ್ದೇಶವಿದೆ ಎನ್ನುವುದು ಅನ್ಯಾಯವಾದೀತು. ಫೋನು ತೆಳ್ಳಗಿರಬೇಕು, ನೀರು ಧೂಳು ಒಳಹೋಗಬಾರದು ಎಂದು ಬಯಸಿದವರು ನಾವೇ. ಆದರೆ ಲಿಥಿಯಂ ಬ್ಯಾಟರಿ ಸವೆಯುವ ಪದಾರ್ಥ. ನೂರಾರು ಬಾರಿ ತುಂಬಿ ಬರಿದಾದಂತೆ ಅದರ ಧಾರಣಶಕ್ತಿ ಇಳಿಯುತ್ತ ಹೋಗುತ್ತದೆ. ಎತ್ತಿನ ಬಂಡಿಯ ಕೀಲಿಗೆ ಎಣ್ಣೆ ಬಿಡಬೇಕಾಗುವುದು ಎಷ್ಟು ನಿಶ್ಚಿತವೋ ಬ್ಯಾಟರಿಯನ್ನು ಬದಲಿಸಬೇಕಾಗುವುದೂ ಅಷ್ಟೇ ನಿಶ್ಚಿತ. ಸವೆಯುವುದೆಂದು ಗೊತ್ತಿರುವ ಭಾಗವನ್ನು ತೆಗೆಯಲಾಗದಂತೆ ಅಂಟಿಸುವುದು ಇಡೀ ಯಂತ್ರದ ಆಯುಷ್ಯವನ್ನು ಅದರ ಅತಿ ದುರ್ಬಲ ಭಾಗದ ಆಯುಷ್ಯಕ್ಕೆ ಕಟ್ಟಿಹಾಕಿದಂತೆ.

ಎರಡನೆಯ ಬೀಗ ಕಣ್ಣಿಗೆ ಕಾಣದ್ದು. ಪರದೆ, ಬ್ಯಾಟರಿ, ಕ್ಯಾಮೆರಾಗಳಿಗೆ ಒಂದೊಂದು ಕ್ರಮಸಂಖ್ಯೆ ಕೊಟ್ಟು ಮುಖ್ಯ ಫಲಕದೊಡನೆ ಜೋಡಿಮಾಡುವ ಪದ್ಧತಿ ಕೆಲವು ಫೋನುಗಳಲ್ಲಿದೆ. ಅದೇ ಮಾದರಿಯ ಇನ್ನೊಂದು ಫೋನಿನಿಂದ ತೆಗೆದ ಅಪ್ಪಟ ಪರದೆಯನ್ನು ಹಾಕಿದರೂ, ತಯಾರಕರ ತಂತ್ರಾಂಶ ಒಪ್ಪಿಗೆಯ ಮುದ್ರೆ ಒತ್ತದಿದ್ದರೆ ಎಚ್ಚರಿಕೆಯ ಸಾಲು ಮೂಡುತ್ತದೆ, ಇಲ್ಲವೇ ಯಾವುದೋ ಒಂದು ಸೌಲಭ್ಯ ನಿಂತುಹೋಗುತ್ತದೆ. ಮೂರನೆಯದು ಮಾಹಿತಿಯ ಬೀಗ: ಫಲಕದ ವಿದ್ಯುತ್ ನಕ್ಷೆಯನ್ನು ಹೊರಗಿನ ದುರಸ್ತಿಗಾರರಿಗೆ ಕೊಡದಿರುವುದು. ನಾಲ್ಕನೆಯದು ಕಾಲದ ಬೀಗ. ಯಂತ್ರ ಗಟ್ಟಿಯಾಗಿದ್ದರೂ ತಂತ್ರಾಂಶದ ಪರಿಷ್ಕರಣೆ ನಿಂತ ಮೇಲೆ ಬ್ಯಾಂಕಿನ ವ್ಯವಹಾರದಂಥ ಕೆಲಸಗಳಿಗೆ ಅದು ನಂಬಿಕೆಗೆ ಅರ್ಹವಾಗಿ ಉಳಿಯುವುದಿಲ್ಲ. ಮೇಲಾಗಿ, ಫೋನಿನ ಲೋಹವನ್ನೂ ಗಾಜನ್ನೂ ನಾವು ಕೊಂಡಿರುತ್ತೇವೆಯೇ ಹೊರತು ಒಳಗಿನ ತಂತ್ರಾಂಶವನ್ನಲ್ಲ. ಅದನ್ನು ಬಳಸುವ ಪರವಾನಗಿ ಮಾತ್ರ ನಮ್ಮದು. ಓದದೆ ಒಪ್ಪಿಗೆ ಒತ್ತಿದ ಆ ಉದ್ದನೆಯ ಕರಾರಿನಲ್ಲಿ ಇದು ಬರೆದಿರುತ್ತದೆ.

ಹಿಂದೆ ನಮ್ಮ ಹಳ್ಳಿಗಳಲ್ಲಿ ದುರಸ್ತಿ ನಡೆಯುತ್ತಿದ್ದ ರೀತಿಯನ್ನು ಇದರೊಡನೆ ಹೋಲಿಸಬಹುದು. ಬಡಿಗನಿಗೂ ಕಂಬಾರನಿಗೂ ಸುಗ್ಗಿಯಲ್ಲಿ ಕಣದಿಂದಲೇ ಆಯ ಸಲ್ಲುತ್ತಿತ್ತು. ಕುಂಟೆ ವರ್ಷಕ್ಕೆ ಒಮ್ಮೆ ಮುರಿದರೂ ಹತ್ತು ಬಾರಿ ಮುರಿದರೂ ಅವನಿಗೆ ಬರುವ ಜೋಳ ಅಷ್ಟೇ. ಆದ್ದರಿಂದ ಕುಂಟೆ ಮುರಿಯದಂತೆ ಮಾಡುವುದರಲ್ಲಿಯೇ ಮಾಡುವವನ ಹಿತವಿತ್ತು. ಇಂದು ಮಾರುವವನ ಹಿತ ಬೇಗ ಕೆಡುವುದರಲ್ಲಿದೆ. ಈ ಪ್ರವೃತ್ತಿಯೂ ಹೊಸದೇನಲ್ಲ. 1920ರ ದಶಕದಲ್ಲಿ ಯುರೋಪ್ ಮತ್ತು ಅಮೆರಿಕದ ದೊಡ್ಡ ವಿದ್ಯುದ್ದೀಪ ತಯಾರಕರು 'ಫೀಬಸ್' ಎಂಬ ಕೂಟ ಕಟ್ಟಿಕೊಂಡು ಬಲ್ಬಿನ ಆಯುಷ್ಯವನ್ನು ಸಾವಿರ ಗಂಟೆಗೆ ಇಳಿಸಿದರು. ಹೆಚ್ಚು ಕಾಲ ಉರಿಯುವ ಬಲ್ಬು ಮಾಡಿದ ಸದಸ್ಯರಿಗೆ ದಂಡವನ್ನೂ ವಿಧಿಸಿದರು. ಆಯದ ಪದ್ಧತಿಯನ್ನು ನಾನು ಹೊಗಳಿ ಮೇಲೇರಿಸಲಾರೆ. ಅದು ಜಾತಿಯ ಕಟ್ಟಿಗೆ ಬಿಗಿದದ್ದು; ಕಂಬಾರನ ಮಗ ಬೇರೇನಾದರೂ ಆಗುವ ದಾರಿಯನ್ನು ಅದು ಮುಚ್ಚಿತ್ತು, ಅವನಿಗೆ ಸಲ್ಲಬೇಕಾದ ಮರ್ಯಾದೆಯನ್ನೂ ಸಲ್ಲಿಸಿರಲಿಲ್ಲ. ಆ ಅನ್ಯಾಯ ಮರಳಿ ಬಾರದಿರಲಿ. ಆದರೆ ಮಾಡುವವನ ಲಾಭವನ್ನು ವಸ್ತುವಿನ ಬಾಳಿಕೆಗೆ ಹೊಂದಿಸಬಹುದು ಎಂಬ ಪಾಠವನ್ನು ಅದರಿಂದ ಎತ್ತಿಕೊಳ್ಳುವುದರಲ್ಲಿ ತಪ್ಪಿಲ್ಲ. ಅಂದು ರೂಢಿ ಮಾಡುತ್ತಿದ್ದ ಆ ಕೆಲಸವನ್ನು ಇಂದು ಕಾನೂನು ಮಾಡಬೇಕಾಗಿದೆ.

ಕಾನೂನು ಎಲ್ಲಿಗೆ ಬಂದಿದೆ? ನಮ್ಮ ದೇಶದಲ್ಲಿ ಈ ಚರ್ಚೆಯ ಮುಖ್ಯ ಘಟ್ಟವೊಂದು ಕಾರುಗಳಿಗೆ ಸಂಬಂಧಿಸಿದ್ದು. ಬಿಡಿಭಾಗಗಳನ್ನೂ ತಾಂತ್ರಿಕ ಮಾಹಿತಿಯನ್ನೂ ಹೊರಗಿನ ದುರಸ್ತಿಗಾರರಿಗೆ ದೊರೆಯದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ ಹದಿನಾಲ್ಕು ಕಾರು ತಯಾರಕರಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ದಂಡದ ಮೊತ್ತ ಮೇಲ್ಮನವಿಯಲ್ಲಿ ಪ್ರಶ್ನೆಗೊಳಗಾಯಿತು. ಆದರೂ ಆ ಆದೇಶದ ತಿರುಳು ಮುಖ್ಯವಾದುದು: ಹೊರಗೆ ದುರಸ್ತಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದಾಗುತ್ತದೆ ಎಂಬ ಸಾರಾಸಗಟು ಷರತ್ತು ಸಲ್ಲದು ಎಂದು ಆಯೋಗ ಹೇಳಿತು, ಬೌದ್ಧಿಕ ಸ್ವತ್ತಿನ ನೆಪವನ್ನೂ ಅದು ಒಪ್ಪಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಸ್ತುವಿನ ಗುಣಮಟ್ಟ ಮತ್ತು ಬೆಲೆಯ ಬಗ್ಗೆ ತಿಳಿದುಕೊಳ್ಳುವ ಹಕ್ಕನ್ನೂ ಅನುಚಿತ ವ್ಯಾಪಾರ ಪದ್ಧತಿ, ಅನ್ಯಾಯದ ಕರಾರುಗಳ ವಿರುದ್ಧ ಪರಿಹಾರ ಕೇಳುವ ಹಕ್ಕನ್ನೂ ಕೊಟ್ಟಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ಯಂತ್ರ, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಆರಿಸಿಕೊಂಡು ದುರಸ್ತಿಯ ಹಕ್ಕಿನ ಚೌಕಟ್ಟಿಗಾಗಿ ಸಮಿತಿ ನೇಮಿಸಿತು. ಅದೇ ವರ್ಷದ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ದುರಸ್ತಿಯ ಮಾಹಿತಿಯನ್ನು ಒಂದೆಡೆ ತರುವ ಜಾಲತಾಣ ಆರಂಭವಾಯಿತು. 2024ರಲ್ಲಿ ನೇಮಕಗೊಂಡ ಇನ್ನೊಂದು ಸಮಿತಿ 2025ರ ಮೇ ತಿಂಗಳಲ್ಲಿ ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ವಸ್ತುಗಳಿಗೆ 'ದುರಸ್ತಿ ಸೂಚ್ಯಂಕ' ಬೇಕೆಂದು ವರದಿ ಕೊಟ್ಟಿತು. ಬಿಚ್ಚುವುದು ಎಷ್ಟು ಸುಲಭ, ದುರಸ್ತಿಯ ಮಾಹಿತಿ ದೊರೆಯುತ್ತದೆಯೇ, ಬಿಡಿಭಾಗ ಸಕಾಲಕ್ಕೆ ಸಿಗುತ್ತದೆಯೇ, ತಂತ್ರಾಂಶದ ಪರಿಷ್ಕರಣೆ ಎಷ್ಟು ಕಾಲ, ಉಪಕರಣಗಳು ಯಾವುವು, ತಿರುಪುಗಳು ಎಂಥವು ಎಂಬ ಆರು ಅಂಶಗಳ ಮೇಲೆ ಫೋನಿಗೆ ಅಂಕ ಕೊಡುವ ಯೋಜನೆ ಅದು.

ಇವೆಲ್ಲ ಒಳ್ಳೆಯ ಹೆಜ್ಜೆಗಳು. ಆದರೆ ಸೂಚ್ಯಂಕ ಕೊಳ್ಳುವ ಮುನ್ನ ದಾರಿ ತೋರಿಸುತ್ತದೆಯಷ್ಟೆ. ಕೆಟ್ಟ ಮೇಲೆ ಬಿಡಿಭಾಗವನ್ನು ಮಾರಲೇಬೇಕೆಂದು ಯಾರನ್ನೂ ಬಾಧ್ಯಸ್ಥರನ್ನಾಗಿ ಮಾಡುವುದಿಲ್ಲ. ಬೇರೆಡೆ ಕಾನೂನು ಇನ್ನೂ ಮುಂದೆ ನಡೆದಿದೆ. ಫ್ರಾನ್ಸ್ 2021ರ ಜನವರಿಯಿಂದ ಸ್ಮಾರ್ಟ್‌ಫೋನುಗಳ ಮೇಲೆ ಹತ್ತರಲ್ಲಿ ಇಷ್ಟು ಎಂದು ದುರಸ್ತಿಯ ಅಂಕವನ್ನು ಮುದ್ರಿಸುವುದನ್ನು ಕಡ್ಡಾಯಮಾಡಿತು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನುಗಳಿಗೆ, ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗಗಳು ದೊರೆಯುತ್ತಿರಬೇಕು. 800 ಬಾರಿ ತುಂಬಿ ಬರಿದಾದ ಮೇಲೂ ಬ್ಯಾಟರಿ ತನ್ನ ಶಕ್ತಿಯ ಶೇಕಡಾ 80ರಷ್ಟನ್ನು ಉಳಿಸಿಕೊಂಡಿರಬೇಕು. ಅಮೆರಿಕದ ನ್ಯೂಯಾರ್ಕ್, ಮಿನೆಸೋಟ, ಕ್ಯಾಲಿಫೋರ್ನಿಯಾ ರಾಜ್ಯಗಳು ಬಿಡಿಭಾಗ, ಉಪಕರಣ, ಕೈಪಿಡಿಗಳನ್ನು ಒಡೆಯನಿಗೂ ಸ್ವತಂತ್ರ ದುರಸ್ತಿಗಾರನಿಗೂ ಕೊಡಬೇಕೆಂದು ಶಾಸನ ಮಾಡಿವೆ. ಆರಿಗನ್ ರಾಜ್ಯ 2024ರಲ್ಲಿ ಇನ್ನೂ ಮುಂದೆ ಹೋಗಿ, ನಾನು ಮೇಲೆ ಹೇಳಿದ ಕ್ರಮಸಂಖ್ಯೆಯ ಬೀಗದಿಂದ ದುರಸ್ತಿಯನ್ನು ತಡೆಯುವುದನ್ನೇ ನಿಷೇಧಿಸಿತು. ತಯಾರಕರ ಉದ್ಯಮ ಇದರಿಂದ ನಿಂತುಹೋಗಲಿಲ್ಲ.

ಎದುರು ವಾದಗಳಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ನಮ್ಮ ಓಣಿಯ ಒಬ್ಬರ ಫೋನಿಗೆ ಹೊರಗೆ ಹಾಕಿಸಿದ ಅಗ್ಗದ ಬ್ಯಾಟರಿ ನಾಲ್ಕೇ ತಿಂಗಳಲ್ಲಿ ಉಬ್ಬಿ ಪರದೆಯನ್ನು ಎತ್ತಿಬಿಟ್ಟದ್ದನ್ನು ನಾನೇ ಕಂಡಿದ್ದೇನೆ. ಕದ್ದ ಫೋನುಗಳನ್ನು ಬಿಚ್ಚಿ ಮಾರುವವರಿದ್ದಾರೆ. ದುರಸ್ತಿಗೆ ಬಂದ ಫೋನಿನಲ್ಲಿ ಮನೆಯವರ ಚಿತ್ರಗಳನ್ನು ಇಣುಕಿ ನೋಡುವವರೂ ಇದ್ದಾರೆ. ಆದರೆ ಈ ಅಪಾಯಗಳಿಗೆ ಬೀಗ ಮದ್ದಾಗಲಾರದು. ಅಪ್ಪಟ ಬ್ಯಾಟರಿ ಹೊರಗಿನ ಅಂಗಡಿಗೆ ದೊರೆಯುತ್ತಿದ್ದರೆ ನಮ್ಮ ಓಣಿಯವರು ನಕಲಿಯನ್ನು ಏಕೆ ಹಾಕಿಸುತ್ತಿದ್ದರು? ಜನ ಹೇಗೂ ದುರಸ್ತಿ ಮಾಡಿಸುತ್ತಾರೆ, ಏಕೆಂದರೆ ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಬೆಳಕಿನಲ್ಲಿ ನಡೆಯಬಹುದಾದ ಕೆಲಸವನ್ನು ಬೀಗ ಕತ್ತಲೆಗೆ ತಳ್ಳುತ್ತದೆ. ಒಲೆಯಲ್ಲಿ ಬೆಂಕಿಯಿದೆಯೆಂದು ಅಡುಗೆಯನ್ನು ನಿಷೇಧಿಸುವುದಿಲ್ಲ, ಒಲೆ ಹಚ್ಚುವುದನ್ನು ಕಲಿಸುತ್ತೇವೆ. ಕಳ್ಳನನ್ನು ತಡೆಯುವ ಬೀಗಕ್ಕೂ ಒಡೆಯನನ್ನೇ ತಡೆಯುವ ಬೀಗಕ್ಕೂ ವ್ಯತ್ಯಾಸ ಮಾಡುವ ಜಾಣ್ಮೆ, ಇಷ್ಟೆಲ್ಲ ಸೂಕ್ಷ್ಮ ಯಂತ್ರ ಮಾಡಬಲ್ಲವರಿಗೆ ಇಲ್ಲವೆಂದು ನಂಬುವುದು ಕಷ್ಟ.

'ದುರಸ್ತಿಗೆ ಕೊಡುವ ಹಣಕ್ಕೆ ಹೊಸದೇ ಬರುತ್ತದೆ' ಎಂಬ ಮಾತನ್ನೂ ತೂಗಿ ನೋಡಬೇಕು. ಹೊಸ ಫೋನಿನ ಬೆಲೆಯಲ್ಲಿ ಸೇರದ ಖರ್ಚುಗಳಿವೆ. ಬ್ಯಾಟರಿಗೆ ಬೇಕಾದ ಕೋಬಾಲ್ಟ್ ಅರ್ಧಕ್ಕಿಂತ ಹೆಚ್ಚು ಕಾಂಗೋ ದೇಶದ ಗಣಿಗಳಿಂದ ಬರುತ್ತದೆ. ಅಲ್ಲಿನ ಕೆಲವು ಗಣಿಗಳಲ್ಲಿ ಮಕ್ಕಳೂ ಮಣ್ಣು ಅಗೆದಿದ್ದಾರೆ. ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತು ಎಸೆದ ಎಲೆಕ್ಟ್ರಾನಿಕ್ ಕಸ 6.2 ಕೋಟಿ ಟನ್; ಅದರಲ್ಲಿ ಕ್ರಮಬದ್ಧವಾಗಿ ಮರುಬಳಕೆಗೆ ಹೋದದ್ದಕ್ಕೆ ಲೆಕ್ಕವಿರುವುದು ನಾಲ್ಕರಲ್ಲಿ ಒಂದು ಪಾಲೂ ಅಲ್ಲ. ಒಂದು ಫೋನು ತನ್ನ ಇಡೀ ಬಾಳಿನಲ್ಲಿ ಪರಿಸರದ ಮೇಲೆ ಹೇರುವ ಇಂಗಾಲದ ಹೊರೆಯಲ್ಲಿ ದೊಡ್ಡ ಪಾಲು ಅದು ನಮ್ಮ ಕೈಗೆ ಬರುವ ಮೊದಲೇ, ತಯಾರಿಕೆಯ ಹಂತದಲ್ಲಿಯೇ, ಆಗಿರುತ್ತದೆ. ಆದ್ದರಿಂದ ಹಳೆಯದನ್ನು ಎರಡು ವರ್ಷ ಹೆಚ್ಚು ಬಾಳಿಸುವುದು, ಕಾಣದ ಯಾರೋ ತೆರಬೇಕಾದ ಬೆಲೆಯನ್ನು ತಪ್ಪಿಸಿದಂತೆ.

ಇಲ್ಲಿ ದೋಷವನ್ನೆಲ್ಲ ತಯಾರಕರ ತಲೆಗೆ ಕಟ್ಟಿ ನಾವು ಪಾರಾಗುವಂತಿಲ್ಲ. ನನ್ನ ತಾಯಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುತ್ತಿದ್ದರು. ಹರಿದದ್ದು ಮನೆಯ ಹೊರಗೆ ಹೋಗುತ್ತಿರಲಿಲ್ಲ. ಅವರ ಮಗನಾದ ನಾನು ಚೆನ್ನಾಗಿದ್ದ ಎರಡು ಫೋನುಗಳನ್ನು, ಹೊಸ ಮಾದರಿ ಬಂತೆಂಬ ಕಾರಣಕ್ಕೆ, ಕಪಾಟಿನಲ್ಲಿ ಮಲಗಿಸಿದ್ದೇನೆ. ದುರಸ್ತಿಯ ಹಕ್ಕನ್ನು ಕೇಳುವವನು ದುರಸ್ತಿ ಮಾಡಿಸಿದ ವಸ್ತುವನ್ನು ನಾಚಿಕೆಯಿಲ್ಲದೆ ನಾಲ್ಕು ಜನರ ಮುಂದೆ ಹಿಡಿಯಲು ಸಿದ್ಧನಿರಬೇಕು. ಹಾಗಿಲ್ಲದಿದ್ದರೆ ಎಷ್ಟೇ ಒಳ್ಳೆಯ ಶಾಸನ ಬಂದರೂ ಅದು ಕಾಗದವಾಗಿಯೇ ಉಳಿಯುತ್ತದೆ.

ಇರುವ ದಾರಿಗಳನ್ನು ಬಲ್ಲವರು ಬಳಸಿಕೊಳ್ಳಬಹುದು. ವಾರಂಟಿಯ ಅವಧಿಯಲ್ಲಿ ಅಧಿಕೃತ ಕೇಂದ್ರವೇ ಮೊದಲ ಆಯ್ಕೆ. ಅಲ್ಲಿ ಕೆಟ್ಟದ್ದೇನು, ಬದಲಿಸುವುದೇನು ಎಂಬುದನ್ನು ಬರವಣಿಗೆಯಲ್ಲಿ ಕೇಳಬೇಕು. ಅವಧಿ ಮುಗಿದ ಮೇಲೆ ಬ್ಯಾಟರಿ, ಪರದೆ, ಚಾರ್ಜಿನ ಕಿಂಡಿಗಳ ಕೆಲಸವನ್ನು ನುರಿತ ಹೊರಗಿನ ದುರಸ್ತಿಗಾರರು ಮಾಡುತ್ತಾರೆ. ಫಲಕದ ಸೂಕ್ಷ್ಮ ಕೆಲಸ ಬಲ್ಲವರು ಕಡಿಮೆ, ಆದರೆ ಇದ್ದಾರೆ. ಕೊಡುವ ಮೊದಲು ಒಳಗಿನದನ್ನು ಬೇರೆಡೆ ಇಳಿಸಿಟ್ಟು, ಸಿಮ್ ತೆಗೆದು, ಫೋನಿನಲ್ಲಿ ದುರಸ್ತಿಯ ವೇಳೆ ಖಾಸಗಿ ಮಾಹಿತಿಯನ್ನು ಮುಚ್ಚಿಡುವ ಸೌಲಭ್ಯವಿದ್ದರೆ ಅದನ್ನು ಹಾಕಿಡಬೇಕು. ಫೋನಿನ ಗುರುತಿನ ಸಂಖ್ಯೆ ಬರೆದ ಚೀಟಿ, ತೆಗೆದ ಹಳೆಯ ಭಾಗ, ಹಾಕಿದ ಭಾಗಕ್ಕೆ ಇಷ್ಟು ತಿಂಗಳ ಹೊಣೆ ಎಂಬ ಬರಹ, ಈ ಮೂರನ್ನು ಕೇಳಿ ಪಡೆಯಬೇಕು. ಅನ್ಯಾಯವಾದರೆ ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ, ಎರಡು ವರ್ಷದೊಳಗೆ, ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ಸರಕಿಗೆ ಶುಲ್ಕವಿಲ್ಲ.

ಗಡಿಯಾಚೆಯ ಕನ್ನಡಿಗರಾದ ನಮಗೆ ಇದರಲ್ಲಿ ಇನ್ನೊಂದು ಪಾಲಿದೆ. ಹಕ್ಕು ಅರ್ಥವಾಗುವುದು ಅದನ್ನು ತಿಳಿದ ಭಾಷೆಯಲ್ಲಿ ಹೇಳಿದಾಗ. ಸೇವಾ ಕೇಂದ್ರದ ಕರಾರು ಇಂಗ್ಲಿಷಿನಲ್ಲಿ, ಕಚೇರಿಯ ವ್ಯವಹಾರ ಮರಾಠಿಯಲ್ಲಿ ನಡೆಯುವ ಊರಿನಲ್ಲಿ ಕನ್ನಡವನ್ನಷ್ಟೇ ಬಲ್ಲ ನಮ್ಮ ಹಳ್ಳಿಯ ಹೆಣ್ಣುಮಗಳು ತನ್ನ ಫೋನಿಗೆ ಏನಾಯಿತೆಂದು ಯಾರನ್ನು ಕೇಳಬೇಕು? ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ದೂರು ಹೇಳಬಹುದೆಂಬುದು ನಮ್ಮಲ್ಲಿ ಎಷ್ಟು ಮನೆಗಳಿಗೆ ಗೊತ್ತಿದೆ? ಸಂಘದ ಕೆಲಸ ಕವಿಗೋಷ್ಠಿ ಸನ್ಮಾನಗಳಲ್ಲಿ ಮುಗಿಯದೆ ಇಂಥ ತಿಳಿವಳಿಕೆಯನ್ನು ಮನೆಮನೆಗೆ ಮುಟ್ಟಿಸುವುದಕ್ಕೂ ಚಾಚಿಕೊಂಡರೆ ಭಾಷೆಯ ಸೇವೆಯೇ ಆಗುತ್ತದೆ. ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ 2009ರಲ್ಲಿ ಹುಟ್ಟಿದ 'ರಿಪೇರಿ ಕೆಫೆ' ಎಂಬ ಪದ್ಧತಿ ಬೆಂಗಳೂರಿಗೂ 2015ರಲ್ಲಿ ಬಂದಿದೆ. ಕೆಟ್ಟ ವಸ್ತುವನ್ನು ತಂದವರೂ ಸರಿಮಾಡಬಲ್ಲವರೂ ಒಂದು ಮೇಜಿನ ಸುತ್ತ ಕುಳಿತು, ಕಲಿಯುತ್ತ ಕಲಿಸುತ್ತ ದುರಸ್ತಿ ಮಾಡುವ ಕೂಟ ಅದು. ನಮ್ಮ ಸಭಾಭವನದಲ್ಲಿ ವರ್ಷಕ್ಕೆರಡು ಭಾನುವಾರ ಅದನ್ನು ನಡೆಸುವುದು ಅಸಾಧ್ಯವೇನಲ್ಲ.

ನನ್ನ ಫೋನಿನ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಸೊಲ್ಲಾಪುರದ ನವೀ ಪೇಠೆಯ ಒಂದು ಓಣಿಯಲ್ಲಿ ಮೂರು ಮೊಳದಗಲದ ಅಂಗಡಿಯೊಂದಿದೆ. ಅಲ್ಲಿನ ತರುಣ ಹತ್ತನೆಯ ಇಯತ್ತೆಗೆ ಶಾಲೆ ಬಿಟ್ಟವನು. ಫೋನನ್ನು ಬಿಸಿ ಹಾಸಿನ ಮೇಲಿಟ್ಟು ಬಿಡಿಸಿ, ಫಲಕವನ್ನು ಸೂಕ್ಷ್ಮದರ್ಶಕದ ಕೆಳಗೆ ಹಿಡಿದು, ಪಕ್ಕದ ಪರದೆಯಲ್ಲಿ ಒಂದು ನಕ್ಷೆಯನ್ನು ತೆರೆದು, ಒಂದೊಂದೇ ತಂತಿದಾರಿಯನ್ನು ಅಳೆಯುತ್ತ ಹೋದ. ಒಂದೂವರೆ ಗಂಟೆಯ ನಂತರ ಸಾಸಿವೆಗಿಂತ ಚಿಕ್ಕದೊಂದು ಭಾಗವನ್ನು ಚಿಮುಟದಿಂದ ಎತ್ತಿ ತೋರಿಸಿದ. ಅದು ಸುಟ್ಟಿತ್ತು. ಹಾಳಾದ ಬೇರೊಂದು ಫಲಕದಿಂದ ಅಂಥದನ್ನೇ ತೆಗೆದು ಕೂರಿಸಿದ. ಫೋನು ಎದ್ದಿತು. ಅಜ್ಜಿಯ ಧ್ವನಿ ಇದ್ದಂತೆಯೇ ಇತ್ತು. ಅಂದು ಸಂಜೆಯೇ ಎಲ್ಲವನ್ನೂ ಎರಡು ಕಡೆ ಇಳಿಸಿಟ್ಟೆ. ಅವನು ಕೇಳಿದ್ದು ಎಂಟುನೂರು ರೂಪಾಯಿ.

ಆ ನಕ್ಷೆ ಎಲ್ಲಿಂದ ಬಂತೆಂದು ಸಹಜವಾಗಿ ಕೇಳಿದ್ದೆ. ಅವನ ಕೈ ಅರೆಗಳಿಗೆ ನಿಂತಿತು. ಕಂಪನಿಯವರು ಕೊಡುವುದಿಲ್ಲ, ಎಲ್ಲಿಂದಲೋ ಸೋರಿ ಬಂದದ್ದನ್ನು ದುಡ್ಡು ಕೊಟ್ಟು ಕೊಳ್ಳಬೇಕು ಎಂದು ತಗ್ಗಿದ ದನಿಯಲ್ಲಿ ಹೇಳಿ ಪರದೆಯನ್ನು ಬೇರೆಡೆ ತಿರುಗಿಸಿದ. ನನ್ನ ವಸ್ತುವನ್ನು ನನಗೆ ಮರಳಿಸಿದ ಪ್ರಾಮಾಣಿಕ ದುಡಿಮೆಯೊಂದು ಕಳ್ಳನಕ್ಷೆಯ ಮರೆಯಲ್ಲಿ ನಡೆಯಬೇಕಾಗಿದೆ. ದುರಸ್ತಿಯ ಕಾನೂನು ಬರಬೇಕೆಂದು ನಾನು ಬಯಸುವುದಕ್ಕೆ ಮೇಲೆ ಹೇಳಿದ ಕಾರಣಗಳೆಲ್ಲಕ್ಕಿಂತ ಅವನ ಆ ತಗ್ಗಿದ ದನಿ ದೊಡ್ಡ ಕಾರಣ.

ಹೋದ ತಿಂಗಳು ಮತ್ತೆ ಅವನನ್ನು ಕಂಡು, ನಮ್ಮ ಸಂಘದಲ್ಲಿ ದುರಸ್ತಿಯ ಕೂಟ ಮಾಡಿದರೆ ಬಂದು ನಾಲ್ಕು ಹುಡುಗರಿಗೆ ಕೆಲಸ ತೋರಿಸುತ್ತೀಯಾ ಎಂದು ಕೇಳಿದೆ. ಸಂತೋಷದಿಂದ ಒಪ್ಪಿದ. ಸ್ವಲ್ಪ ತಡೆದು ಹೇಳಿದ: 'ಬರ್ತೀನ್ರಿ ಸರ್. ಆದ್ರ ಆ ನಕ್ಷಾ ಮಾತ್ರ ಎಲ್ಲಾರ ಮುಂದ ತೆಗಿಯಾಕ ಆಗೂದಿಲ್ಲ.'